ಮನೆಯ ಡಿವಿಡಿ ಕುಗ್ಗಿಸುವ ಮುನ್ನ: ಚಿತ್ರದ ಗುಣಮಟ್ಟ ಉಳಿಸಿಕೊಳ್ಳುವುದು ಹೇಗೆ?

ಬೀರುವಿನಲ್ಲಿ ಮದುವೆ ಆಲ್ಬಮ್ ಜೊತೆ ಎರಡು ಮೂರು ಡಿವಿಡಿಗಳೂ ಇರುವ ಮನೆಗಳು ಸಾಕಷ್ಟಿವೆ. ಮದುವೆ, ಗೃಹಪ್ರವೇಶ, ನಾಮಕರಣ, ಊರ ಜಾತ್ರೆ ಎಲ್ಲವೂ ಅದರಲ್ಲಿರುತ್ತವೆ. ಈಗ ನಮ್ಮೊಂದಿಗಿಲ್ಲದ ಅಜ್ಜ, ಅಜ್ಜಿ ಓಡಾಡುವುದನ್ನು, ಮಾತಾಡುವುದನ್ನು ಆ ಡಿಸ್ಕ್ ಬಿಟ್ಟರೆ ಬೇರೆಲ್ಲೂ ನೋಡಲಾಗದು. ಕೆಲಸಕ್ಕೆಂದು ಮುಂಬೈ, ಪುಣೆ, ದೆಹಲಿ ಸೇರಿದ ಎಷ್ಟೋ ಮಂದಿಗೆ, ಕೆಡವಿಹಾಕಿದ ಊರಿನ ಹಳೆಯ ಮನೆಯೂ ಅದರಲ್ಲೇ ಉಳಿದಿದೆ.

ಆದರೆ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ಇರುವುದಿಲ್ಲ. ಪ್ಲೇಯರ್ ಕೆಟ್ಟರೆ ರಿಪೇರಿ ಮಾಡುವವರೂ ಸುಲಭಕ್ಕೆ ಸಿಗುವುದಿಲ್ಲ. ಹೀಗಾಗಿ ಅನೇಕರು ಡಿವಿಡಿಯನ್ನು ಚಿಕ್ಕ ಫೈಲ್ ಆಗಿ ಪರಿವರ್ತಿಸಿ ಡಿಸ್ಕನ್ನು ಎಸೆದುಬಿಡುತ್ತಾರೆ. ಮುಂದೊಂದು ದಿನ ದೊಡ್ಡ ಟಿವಿಯಲ್ಲಿ ಹಾಕಿದಾಗ ಮುಖಗಳೆಲ್ಲ ಮಸುಕು, ಓಡುವ ಮಕ್ಕಳ ಸುತ್ತ ಗೆರೆ, ದೀಪದ ಸುತ್ತ ಚೌಕ ಚೌಕ. ಅಷ್ಟರಲ್ಲಿ ಮೂಲ ಕೈಬಿಟ್ಟಿರುತ್ತದೆ. ಹೀಗಾಗದಂತೆ ಡಿವಿಡಿ ಕುಗ್ಗಿಸುವುದು ಹೇಗೆ? ವಿವರ ಇಲ್ಲಿದೆ.

ಅಂದಹಾಗೆ, ಇಲ್ಲಿ ಹೇಳುತ್ತಿರುವುದು ನಿಮ್ಮ ಮನೆಯ ಕಾರ್ಯಕ್ರಮಗಳ ಡಿವಿಡಿಗಳ ಬಗ್ಗೆ ಮಾತ್ರ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿವಿಡಿಗಳಿಗೆ ಹಕ್ಕುಸ್ವಾಮ್ಯ ಕಾನೂನಿನ ನಿರ್ಬಂಧಗಳಿವೆ.

ಡಿಸ್ಕ್‌ನೊಳಗೆ ಏನಿದೆ?

ಡಿವಿಡಿ ವಿಡಿಯೊ 1996ರಲ್ಲಿ ಜಪಾನ್‌ನಲ್ಲಿ ಮೊದಲು ಮಾರುಕಟ್ಟೆಗೆ ಬಂತು. ಅದರಲ್ಲಿ ಚಿತ್ರವನ್ನು ಎಂಪೆಗ್-2 ಎಂಬ ವಿಧಾನದಲ್ಲಿ ಕುಗ್ಗಿಸಿ ಇಡಲಾಗುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವ ಡಿವಿಡಿ ಈಗಾಗಲೇ ಒಮ್ಮೆ ಕುಗ್ಗಿರುವ ವಿಡಿಯೊ. ನೀವು ಈಗ ಮಾಡುವುದು ಎರಡನೇ ಬಾರಿ ಕುಗ್ಗಿಸುವ ಕೆಲಸ.

ಭಾರತದಲ್ಲಿ ಬಳಕೆಯಲ್ಲಿರುವ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಚಿತ್ರದ ಅಳತೆ ಸಾಮಾನ್ಯವಾಗಿ 720 × 576 ಪಿಕ್ಸೆಲ್. ಸೆಕೆಂಡಿಗೆ 25 ಫ್ರೇಮ್‌ಗಳು. ಒಂದು ಪದರದ ಡಿಸ್ಕ್‌ನಲ್ಲಿ 4.7 ಜಿಬಿ, ಎರಡು ಪದರದ ಡಿಸ್ಕ್‌ನಲ್ಲಿ 8.5 ಜಿಬಿ ಹಿಡಿಯುತ್ತದೆ.

ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಮಾಹಿತಿ ಖರ್ಚಾಗುತ್ತದೆ ಎಂಬುದೇ ಬಿಟ್‌ರೇಟ್. ಚಿತ್ರ ಎಷ್ಟು ಚೆನ್ನಾಗಿದೆ ಎಂಬುದು ಬಹುಪಾಲು ಇದನ್ನೇ ಅವಲಂಬಿಸಿದೆ. ಡಿವಿಡಿಯಲ್ಲಿ ಚಿತ್ರದ ಗರಿಷ್ಠ ಬಿಟ್‌ರೇಟ್ 9.8 ಮೆಗಾಬಿಟ್. ಆದರೆ ಡಿಸ್ಕ್‌ನ ಜಾಗ ಸೀಮಿತ. 4.7 ಜಿಬಿ ಡಿಸ್ಕ್‌ನಲ್ಲಿ 2 ಗಂಟೆಯ ವಿಡಿಯೊ ತುಂಬಿಸಿದರೆ ಧ್ವನಿಯೂ ಸೇರಿ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಅದೇ ಡಿಸ್ಕ್‌ನಲ್ಲಿ 3 ಗಂಟೆ ತುಂಬಿಸಿದರೆ ಸುಮಾರು 3.5 ಮೆಗಾಬಿಟ್ ಮಾತ್ರ. ಇಡೀ ಮದುವೆಯನ್ನು ಒಂದೇ ಡಿಸ್ಕ್‌ಗೆ ತುರುಕಿದ್ದಕ್ಕಿಂತ ಎರಡು ಮೂರು ಡಿಸ್ಕ್‌ಗಳಿಗೆ ಹಂಚಿದ್ದು ಚೆನ್ನಾಗಿ ಕಾಣುವುದು ಇದೇ ಕಾರಣಕ್ಕೆ.

ಕುಗ್ಗಿಸಿದಾಗ ಏನು ಕಳೆದುಹೋಗುತ್ತದೆ?

ವಿಡಿಯೊ ಕುಗ್ಗಿಸುವ ಸಾಫ್ಟ್‌ವೇರ್, ಕಣ್ಣಿಗೆ ಸುಲಭಕ್ಕೆ ಗೊತ್ತಾಗದ ವಿವರಗಳನ್ನು ಮೊದಲು ಬಿಡುತ್ತದೆ. ಬಿಟ್‌ರೇಟ್ ತೀರಾ ಕಡಿಮೆಯಾದರೆ ಗೊತ್ತಾಗುವ ವಿವರಗಳನ್ನೂ ಬಿಡಬೇಕಾಗುತ್ತದೆ. ಹೀಗೆ ಬಿಟ್ಟದ್ದು ಮತ್ತೆ ಬರುವುದಿಲ್ಲ. ಕುಗ್ಗಿಸಿದ ಫೈಲನ್ನು ಮತ್ತೆ ಡಿವಿಡಿಗೆ ಬರೆದರೂ ಅಷ್ಟೇ, ದೊಡ್ಡ ಗಾತ್ರಕ್ಕೆ ಪರಿವರ್ತಿಸಿದರೂ ಅಷ್ಟೇ.

ಹಾಗೆಂದು ಕುಗ್ಗಿಸುವುದೇ ತಪ್ಪಲ್ಲ. 2003ರಲ್ಲಿ ಬಂದ ಎಚ್.264 ವಿಧಾನ, ಎಂಪೆಗ್-2ಕ್ಕೆ ಬೇಕಾದುದರ ಸುಮಾರು ಅರ್ಧ ಬಿಟ್‌ರೇಟ್‌ನಲ್ಲಿ ಅಷ್ಟೇ ಒಳ್ಳೆಯ ಚಿತ್ರ ಕೊಡಬಲ್ಲದು. ತೊಂದರೆ ಬರುವುದು ದುರಾಸೆಯಿಂದ. 3 ಗಂಟೆಯ ಮದುವೆ ವಿಡಿಯೊವನ್ನು ಸೆಕೆಂಡಿಗೆ 2 ಮೆಗಾಬಿಟ್‌ಗೆ ಇಳಿಸಿದರೆ ಫೈಲ್ 2.7 ಜಿಬಿ ಆಗುತ್ತದೆ. ಅದನ್ನೇ 700 ಎಂಬಿಗೆ ಇಳಿಸಬೇಕೆಂದರೆ ಸೆಕೆಂಡಿಗೆ ಉಳಿಯುವುದು ಅರ್ಧ ಮೆಗಾಬಿಟ್ ಮಾತ್ರ, ಮೂಲದ ಸುಮಾರು ಏಳನೇ ಒಂದು ಭಾಗ. ಯಾವ ವಿಧಾನವೂ ಇಷ್ಟರಲ್ಲಿ ಮುಖದ ವಿವರ ಉಳಿಸಲಾರದು.

ಮೊದಲ ಕೆಲಸ: ಇದ್ದದ್ದು ಇದ್ದ ಹಾಗೆ ನಕಲು

ಕುಗ್ಗಿಸುವ ಮುನ್ನ ಡಿವಿಡಿಯ ಪೂರ್ತಿ ನಕಲನ್ನು ಹಾರ್ಡ್ ಡಿಸ್ಕ್‌ಗೆ ಹಾಕಿಕೊಳ್ಳಿ. ಇದಕ್ಕೆ ಮೂರು ದಾರಿಗಳಿವೆ.

* ಡಿಸ್ಕ್‌ನಲ್ಲಿರುವ ವಿಡಿಯೊ ಟಿಎಸ್ ಫೋಲ್ಡರನ್ನು ಪೂರ್ತಿಯಾಗಿ ಕಾಪಿ ಮಾಡುವುದು. ವಿಒಬಿ ಫೈಲ್‌ಗಳಲ್ಲಿ ಚಿತ್ರ ಮತ್ತು ಧ್ವನಿ ಇರುತ್ತದೆ. ಐಎಫ್‌ಒ ಫೈಲ್‌ಗಳಲ್ಲಿ ಮೆನು ಮತ್ತು ಅಧ್ಯಾಯಗಳ ಮಾಹಿತಿ ಇರುತ್ತದೆ. ಒಂದನ್ನೂ ಬಿಡಬೇಡಿ.

* ಇಮ್ಗ್‌ಬರ್ನ್‌ನಂತಹ ಸಾಫ್ಟ್‌ವೇರ್ ಬಳಸಿ ಇಡೀ ಡಿಸ್ಕನ್ನು ಒಂದೇ ಐಎಸ್‌ಒ ಫೈಲ್ ಮಾಡುವುದು. ವಿಎಲ್‌ಸಿ ಪ್ಲೇಯರ್‌ನಲ್ಲಿ ಇದನ್ನು ಡಿಸ್ಕ್‌ನಂತೆಯೇ ನೋಡಬಹುದು.

* ಮೇಕ್‌ಎಂಕೆವಿ ಬಳಸಿ ಎಂಕೆವಿ ಫೈಲ್ ಮಾಡುವುದು. ಇದು ಚಿತ್ರವನ್ನು ಮತ್ತೆ ಕುಗ್ಗಿಸುವುದಿಲ್ಲ, ಹೊರಗಿನ ಪೆಟ್ಟಿಗೆಯನ್ನಷ್ಟೇ ಬದಲಿಸುತ್ತದೆ. ಮೆನು ಹೋಗುತ್ತದೆ, ಚಿತ್ರ ಮಾತ್ರ ಇದ್ದಂತೆಯೇ ಇರುತ್ತದೆ.

ಡಿಸ್ಕ್ ಗೀರಿದ್ದರೆ ಓದುವಾಗ ನಡುವೆ ನಿಂತುಬಿಡಬಹುದು. ಮೊದಲು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ದುಂಡಗೆ ಸುತ್ತಿಸಿ ಒರೆಸಬಾರದು. ಆಗಲೂ ಓದದಿದ್ದರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು. ಲಿನಕ್ಸ್ ಬಳಸುವವರಿಗೆ ಡಿಡಿರೆಸ್ಕ್ಯೂ ಇದೆ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಓದಿ, ಕೆಟ್ಟ ಭಾಗವನ್ನು ಆಮೇಲೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಜಾಗದ ಚಿಂತೆಯೇ? 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ 4.7 ಜಿಬಿಯ 200ಕ್ಕೂ ಹೆಚ್ಚು ಡಿವಿಡಿಗಳು ಕುಗ್ಗಿಸದೆಯೇ ಹಿಡಿಯುತ್ತವೆ. ಒಂದು ಮನೆಯ ಸಂಗ್ರಹಕ್ಕೆ ಅದು ಧಾರಾಳ. ಹಾಗಾಗಿ ಮೂಲದ ನಕಲನ್ನು ಹಾಗೆಯೇ ಇಟ್ಟು, ಮೊಬೈಲ್ ಮತ್ತು ಟಿವಿಯಲ್ಲಿ ನೋಡಲು ಮಾತ್ರ ಚಿಕ್ಕ ಫೈಲ್ ಮಾಡಿಕೊಳ್ಳುವುದು ಜಾಣತನ.

ಗಾತ್ರ ಅಲ್ಲ, ಗುಣಮಟ್ಟ ಆರಿಸಿ

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಉಚಿತವಾಗಿ ಸಿಗುವ ಹ್ಯಾಂಡ್‌ಬ್ರೇಕ್ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಫ್ಟ್‌ವೇರ್. ಅದರ ವಿಡಿಯೊ ವಿಭಾಗದಲ್ಲಿ ಎರಡು ಆಯ್ಕೆಗಳಿವೆ. ಒಂದು, ಸರಾಸರಿ ಬಿಟ್‌ರೇಟ್ ನೀವೇ ನಿಗದಿ ಮಾಡುವುದು. ಇನ್ನೊಂದು ಕಾನ್‌ಸ್ಟಂಟ್ ಕ್ವಾಲಿಟಿ, ಅಂದರೆ ಎಲ್ಲ ದೃಶ್ಯಗಳಲ್ಲೂ ಒಂದೇ ಗುಣಮಟ್ಟ. ಎರಡನೆಯದನ್ನೇ ಆರಿಸಿ. ಸುಮ್ಮನೆ ಕೂತು ಮಾತಾಡುವ ದೃಶ್ಯಕ್ಕೆ ಅದು ಕಡಿಮೆ ಮಾಹಿತಿ ಬಳಸಿ, ಮೆರವಣಿಗೆಯ ದೃಶ್ಯಕ್ಕೆ ಹೆಚ್ಚು ಕೊಡುತ್ತದೆ.

ಇಲ್ಲಿ ಆರ್‌ಎಫ್ ಎಂಬ ಸಂಖ್ಯೆ ಇರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಡಿವಿಡಿ ಅಳತೆಯ ಚಿತ್ರಕ್ಕೆ ಹ್ಯಾಂಡ್‌ಬ್ರೇಕ್ ಸೂಚಿಸುವುದು 18ರಿಂದ 22. ಮತ್ತೆ ಸಿಗದ ಮನೆಯ ವಿಡಿಯೊಗಳಿಗೆ 18 ಅಥವಾ 19 ಇರಲಿ. ವೇಗದ ಆಯ್ಕೆಯಲ್ಲಿ ಸ್ಲೋ ಇಡಿ. ಸಮಯ ಹೆಚ್ಚು ಹಿಡಿದರೂ ಅಷ್ಟೇ ಜಾಗದಲ್ಲಿ ಹೆಚ್ಚು ವಿವರ ಉಳಿಯುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿದರಾಯಿತು.

ಎಚ್.264 ಬಹುತೇಕ ಎಲ್ಲ ಟಿವಿ, ಮೊಬೈಲ್‌ಗಳಲ್ಲಿ ಓಡುತ್ತದೆ. ಎಚ್.265 ಇನ್ನೂ ಚಿಕ್ಕ ಫೈಲ್ ಕೊಡುತ್ತದೆ, ಆದರೆ ಹಳೆಯ ಟಿವಿಗಳಲ್ಲಿ ಓಡದಿರಬಹುದು. ಮನೆ ಮಂದಿಗೆಲ್ಲ ಹಂಚುವುದಿದ್ದರೆ ಎಚ್.264 ಸಾಕು.

ಬಾಚಣಿಗೆಯ ಹಲ್ಲಿನಂಥ ಗೆರೆ ಯಾಕೆ?

ವಿಡಿಯೊ ನಿಲ್ಲಿಸಿ ನೋಡಿದಾಗ ಕೈ ಬೀಸುವವರ, ಓಡುವವರ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆ ಕಾಣುತ್ತದೆಯೇ? ಹಳೆಯ ಕ್ಯಾಮೆರಾಗಳು ಒಂದು ಫ್ರೇಮ್ ಅನ್ನು ಎರಡು ಭಾಗವಾಗಿ ಹಿಡಿಯುತ್ತಿದ್ದವು. ಮೊದಲು ಬೆಸ ಸಾಲುಗಳು, ಸೆಕೆಂಡಿನ 50ನೇ ಒಂದು ಭಾಗದ ಬಳಿಕ ಸರಿ ಸಾಲುಗಳು. ಇದನ್ನು ಇಂಟರ್‌ಲೇಸ್ ಎನ್ನುತ್ತಾರೆ. ಹಳೆಯ ಡಬ್ಬಿ ಟಿವಿಯಲ್ಲಿ ಇದು ಸರಾಗವಾಗಿ ಕಾಣುತ್ತಿತ್ತು. ಇಂದಿನ ಪರದೆ ಎರಡನ್ನೂ ಒಟ್ಟಿಗೆ ತೋರಿಸುವುದರಿಂದ ಗೆರೆ ಎದ್ದು ಕಾಣುತ್ತದೆ.

ಇದನ್ನು ಸರಿಪಡಿಸದೆ ಕುಗ್ಗಿಸಿದರೆ, ಅದರಲ್ಲೂ ಚಿತ್ರದ ಅಳತೆ ಬದಲಿಸಿದರೆ, ಗೆರೆಗಳು ಶಾಶ್ವತವಾಗಿ ಚಿತ್ರದಲ್ಲಿ ಸೇರಿಹೋಗುತ್ತವೆ. ಆದ್ದರಿಂದ ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ವಿಭಾಗದಲ್ಲಿ ಡೀಇಂಟರ್‌ಲೇಸ್ ಅಥವಾ ಡೀಕೋಂಬ್ ಆನ್ ಆಗಿದೆಯೇ ಎಂದು ನೋಡಿಕೊಳ್ಳಿ. ಕುಣಿತ, ಓಟದಂತಹ ಚಲನೆ ಹೆಚ್ಚಿದ್ದರೆ ಬಾಬ್ ಆಯ್ಕೆ ಮಾಡಿ ಫ್ರೇಮ್ ರೇಟ್ 50 ಇಡಬಹುದು. ಆಗ ಎರಡೂ ಭಾಗಗಳು ಬೇರೆ ಬೇರೆ ಫ್ರೇಮ್ ಆಗಿ ಉಳಿದು ಚಲನೆ ಮೂಲದಷ್ಟೇ ನಯವಾಗಿರುತ್ತದೆ.

ಅಳತೆ ಹಿಗ್ಗಿಸಬೇಡಿ, ಆಕಾರ ಕೆಡಿಸಬೇಡಿ

ಫುಲ್ ಎಚ್‌ಡಿ ಚಿತ್ರದಲ್ಲಿ ಡಿವಿಡಿಯ 5 ಪಟ್ಟು ಪಿಕ್ಸೆಲ್‌ಗಳಿರುತ್ತವೆ. 576 ಸಾಲಿನ ವಿಡಿಯೊವನ್ನು 1080 ಸಾಲಿಗೆ ಹಿಗ್ಗಿಸಿದರೆ ಇಲ್ಲದ ವಿವರ ಹುಟ್ಟುವುದಿಲ್ಲ, ಫೈಲ್ ಮಾತ್ರ ದಪ್ಪವಾಗುತ್ತದೆ. ಹಿಗ್ಗಿಸುವ ಕೆಲಸವನ್ನು ಟಿವಿಗೆ ಬಿಡಿ.

720 × 576 ಎಂಬುದು ಡಿಸ್ಕ್‌ನಲ್ಲಿ ಇಡುವ ಅಳತೆ. ಪರದೆಯ ಮೇಲೆ ಅದು 4:3 ಅಥವಾ 16:9 ಆಕಾರಕ್ಕೆ ಹಿಗ್ಗುತ್ತದೆ. ಪರಿವರ್ತಿಸಿದ ಫೈಲ್‌ನಲ್ಲಿ ಜನ ಸಣಕಲಾಗಿ ಅಥವಾ ದಪ್ಪಗೆ ಕಂಡರೆ ಈ ಮಾಹಿತಿ ತಪ್ಪಿದೆ ಎಂದರ್ಥ. ಅನಮಾರ್ಫಿಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಲ್ಲಿ ಇಟ್ಟರೆ ಆಕಾರ ಸರಿಯಾಗಿರುತ್ತದೆ.

ಇನ್ನು ಚಿತ್ರದಲ್ಲಿ ಕಾಳು ಕಾಳಾಗಿ ಕಾಣುವ ನಾಯ್ಸ್. ವಿಎಚ್‌ಎಸ್ ಕ್ಯಾಸೆಟ್‌ನಿಂದ ಮಾಡಿಸಿದ ಡಿವಿಡಿಗಳಲ್ಲಿ ಇದು ಜಾಸ್ತಿ. ಸಾಫ್ಟ್‌ವೇರ್ ಇದನ್ನೂ ವಿವರ ಎಂದೇ ತಿಳಿದು ಜಾಗ ಖರ್ಚು ಮಾಡುತ್ತದೆ. ಡೀನಾಯ್ಸ್ ಫಿಲ್ಟರನ್ನು ಹಗುರವಾಗಿ ಬಳಸಬಹುದು. ಹೆಚ್ಚಾದರೆ ಅಜ್ಜಿಯ ಮುಖದ ಸುಕ್ಕುಗಳೂ ಮಾಯವಾಗಿ ಮುಖ ಮೇಣದ ಗೊಂಬೆಯಂತಾಗುತ್ತದೆ. ಅನುಮಾನವಿದ್ದರೆ ಬಳಸದಿರುವುದೇ ಒಳ್ಳೆಯದು.

ಧ್ವನಿಯನ್ನು ಮುಟ್ಟಬೇಡಿ

ಅನೇಕ ಡಿವಿಡಿಗಳಲ್ಲಿ ಧ್ವನಿ ಎಸಿ3 ರೂಪದಲ್ಲಿರುತ್ತದೆ. ಚಿತ್ರಕ್ಕೆ ಹೋಲಿಸಿದರೆ ಅದು ಹಿಡಿಯುವ ಜಾಗ ತೀರಾ ಕಡಿಮೆ. ಆಡಿಯೊ ವಿಭಾಗದಲ್ಲಿ ಪಾಸ್‌ಥ್ರೂ ಆರಿಸಿದರೆ ಧ್ವನಿ ಬದಲಾಗದೆ ಹಾಗೆಯೇ ಬರುತ್ತದೆ. ವಾಲಗದ ಅಬ್ಬರದ ನಡುವೆ ಯಾರೋ ಕೂಗಿದ ಒಂದು ಹೆಸರು ಕೇಳಿಸಬೇಕಾದರೆ ಇಲ್ಲಿ ಜಾಗ ಉಳಿಸಲು ಹೋಗಬೇಡಿ.

ಯಾವ ದೃಶ್ಯದಲ್ಲಿ ಪರೀಕ್ಷಿಸಬೇಕು?

ಇಡೀ ಡಿಸ್ಕ್ ಪರಿವರ್ತಿಸುವ ಮುನ್ನ ಒಂದೆರಡು ನಿಮಿಷದ ತುಣುಕು ಮಾಡಿ ನೋಡಿ. ಸುಲಭದ ದೃಶ್ಯ ಆರಿಸಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಕಷ್ಟದ ದೃಶ್ಯಗಳು ಇವು:

* ಧಾರೆಯ ಹೊತ್ತಿಗೆ ಅಕ್ಷತೆ ಬೀಳುವುದು. ನೂರಾರು ಚಿಕ್ಕ ಕಾಳುಗಳು ಬೇರೆ ಬೇರೆ ದಿಕ್ಕಿಗೆ ಚಲಿಸುವುದರಿಂದ, ಮಾಹಿತಿ ಸಾಲದಿದ್ದರೆ ಇಡೀ ಚಿತ್ರ ಚೌಕ ಚೌಕವಾಗುತ್ತದೆ.

* ಕತ್ತಲಲ್ಲಿ ಆರತಿ. ದೀಪದ ಸುತ್ತಲಿನ ಬೆಳಕು ಹಂತ ಹಂತವಾಗಿ ಕರಗುವ ಬದಲು ಪಟ್ಟೆ ಪಟ್ಟೆಯಾಗಿ ಕಂಡರೆ ಆರ್‌ಎಫ್ ಇಳಿಸಿ.

* ಜರಿ ಸೀರೆಯ ಅಂಚು. ಡಿವಿಡಿಯಲ್ಲಿ ಬಣ್ಣದ ವಿವರ, ಬೆಳಕಿನ ವಿವರದ ನಾಲ್ಕನೇ ಒಂದು ಭಾಗದಷ್ಟೇ ಇರುತ್ತದೆ. ಹಾಗಾಗಿ ಮೂಲದಲ್ಲೇ ಕೆಂಪು ಬಣ್ಣ ಸ್ವಲ್ಪ ಹರಡಿರಬಹುದು. ಮೂಲಕ್ಕಿಂತ ಕೆಟ್ಟಿದೆಯೇ ಎಂದಷ್ಟೇ ಹೋಲಿಸಿ.

* ಊಟದ ಪಂಕ್ತಿ. ಕ್ಯಾಮೆರಾ ಸಾಲಾಗಿ ಕೂತವರ ಮೇಲೆ ಹಾದುಹೋಗುವಾಗ ಹಿಂದಿನ ಸಾಲಿನ ಮುಖಗಳು ಗುರುತು ಸಿಗುತ್ತವೆಯೇ ನೋಡಿ. ನೆಂಟರು ಹುಡುಕುವುದು ತಮ್ಮವರನ್ನೇ.

ತುಣುಕನ್ನು ಮೊಬೈಲ್‌ನಲ್ಲಲ್ಲ, ಮನೆಯ ದೊಡ್ಡ ಟಿವಿಯಲ್ಲಿ ನೋಡಿ. ಚಿಕ್ಕ ಪರದೆ ದೋಷಗಳನ್ನು ಮುಚ್ಚಿಡುತ್ತದೆ.

ಹಂಚುವಾಗ, ಇಡುವಾಗ

ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಇನ್ನೊಮ್ಮೆ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಬದಲಾಗದೆ ತಲುಪುತ್ತದೆ, ಮಿತಿ 2 ಜಿಬಿ. ಹಾಗೆ ಬಂದ ಫೈಲನ್ನು ಮತ್ತೆ ಕುಗ್ಗಿಸಬೇಡಿ. ಚಿಕ್ಕದು ಬೇಕಾದಾಗಲೆಲ್ಲ ಮೂಲದ ನಕಲಿನಿಂದಲೇ ಹೊಸದಾಗಿ ಮಾಡಿ.

ಇನ್ನೂ ಹಳೆಯ ವಿಸಿಡಿಗಳಿದ್ದರೆ ಅವನ್ನು ಕುಗ್ಗಿಸುವ ಗೋಜಿಗೇ ಹೋಗಬೇಡಿ. ಅವುಗಳ ಚಿತ್ರ 352 × 288 ಪಿಕ್ಸೆಲ್ ಮಾತ್ರ, ಬಿಟ್‌ರೇಟ್ ಸೆಕೆಂಡಿಗೆ 1.15 ಮೆಗಾಬಿಟ್. ಕಳೆಯಲು ಅಲ್ಲಿ ಏನೂ ಉಳಿದಿಲ್ಲ. ಫೈಲ್‌ಗಳನ್ನು ಹಾಗೆಯೇ ಕಾಪಿ ಮಾಡಿಡಿ.

ಮೂಲದ ನಕಲು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿರಲಿ. ಒಂದು ನಿಮ್ಮಲ್ಲಿ, ಇನ್ನೊಂದು ಊರಲ್ಲಿ ಅಥವಾ ಬೇರೆ ಊರಿನ ಅಣ್ಣ, ಅಕ್ಕನ ಮನೆಯಲ್ಲಿ. ಫೈಲ್‌ಗೆ ಕಾರ್ಯಕ್ರಮ, ಊರು, ವರ್ಷ ಸೇರಿಸಿ ಹೆಸರಿಡಿ. ಡಿಸ್ಕ್‌ಗಳನ್ನೂ ಎಸೆಯಬೇಡಿ. ಮನೆಯಲ್ಲಿ ಬರೆದ ಡಿವಿಡಿಗಳಲ್ಲಿ ಮಾಹಿತಿ ಇರುವುದು ಒಂದು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಅದು ಬೇಗ ಹಾಳಾಗುತ್ತದೆ. ಮುಂಬೈ, ಚೆನ್ನೈನಂಥ ಕಡಲತೀರದ ಊರುಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ಕಿಟಕಿಯಿಂದ ದೂರ, ಡಬ್ಬಿಯೊಳಗೆ ನೇರವಾಗಿ ನಿಲ್ಲಿಸಿಡಿ.

ನೆನಪಿಡಿ

1. ಮೊದಲು ಪೂರ್ತಿ ನಕಲು, ಆಮೇಲೆ ಕುಗ್ಗಿಸುವುದು.
2. ಕಾನ್‌ಸ್ಟಂಟ್ ಕ್ವಾಲಿಟಿ, ಆರ್‌ಎಫ್ 18 ಅಥವಾ 19, ವೇಗ ಸ್ಲೋ.
3. ಡೀಇಂಟರ್‌ಲೇಸ್ ಆನ್, ಅಳತೆ ಹಿಗ್ಗಿಸುವುದು ಬೇಡ.
4. ಧ್ವನಿಗೆ ಪಾಸ್‌ಥ್ರೂ.
5. ಕಷ್ಟದ ದೃಶ್ಯವನ್ನು ದೊಡ್ಡ ಟಿವಿಯಲ್ಲಿ ಪರೀಕ್ಷಿಸಿ.
6. ಕುಗ್ಗಿಸಿದ್ದನ್ನು ಮತ್ತೆ ಕುಗ್ಗಿಸಬೇಡಿ.

ಈ ಭಾನುವಾರ ಒಂದು ಡಿಸ್ಕ್‌ನಿಂದ ಶುರು ಮಾಡಿ. ಮನೆಯಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಈಗಲೂ ಸಿಗುತ್ತದೆ. ಎಲ್ಲಕ್ಕಿಂತ ಹಳೆಯ ಡಿಸ್ಕ್ ಯಾವುದೋ ಅದನ್ನೇ ಮೊದಲು ತೆಗೆಯಿರಿ. ಓದಲಾಗದ ಸ್ಥಿತಿಗೆ ಮೊದಲು ತಲುಪುವ ಸಾಧ್ಯತೆ ಹೆಚ್ಚಿರುವುದು ಅದಕ್ಕೇ.