ಸರ್ದಾರ್ಜಿ ಜೋಕೂ 1984ರ ಪೇಟವೂ

ಕನ್ನಡದಲ್ಲಿ ಸರ್ದಾರ್ಜಿ ಜೋಕು ಹೇಳಿ ನಗಿಸುವ ಹೆಚ್ಚಿನವರಿಗೆ ಸಿಖ್ಖರೊಡನೆ ಒಡನಾಟವೇ ಇರುವುದಿಲ್ಲ. ಅದರ ಅಗತ್ಯವೂ ಬೀಳುವುದಿಲ್ಲ, ಏಕೆಂದರೆ ಈ ಜೋಕು ಯಾರನ್ನೂ ನೋಡಿ ಹುಟ್ಟಿದ್ದಲ್ಲ. ಇದೇ ದಡ್ಡತನದ ಕತೆಗಳನ್ನು ಇಂಗ್ಲೆಂಡಿನವರು ಐರಿಷರ ಮೇಲೆ, ಫ್ರೆಂಚರು ಬೆಲ್ಜಿಯನ್ನರ ಮೇಲೆ, ಅಮೆರಿಕನ್ನರು ಪೋಲೆಂಡಿನಿಂದ ಬಂದು ನೆಲೆಸಿದವರ ಮೇಲೆ ಹೊರಿಸುತ್ತ ಬಂದಿದ್ದಾರೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಕ್ರಿಸ್ಟಿ ಡೇವಿಸ್ 1990ರ ತಮ್ಮ ಗ್ರಂಥದಲ್ಲಿ ಹಲವು ದೇಶಗಳ ಇಂಥ ಜೋಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ನಗುವವರಿಗೆ ತೀರಾ ಪರಕೀಯರಲ್ಲದ, ಆದರೆ ಸಮಾಜದ ಅಂಚಿನಲ್ಲಿರುವ ಜನ ದಡ್ಡರ ಪಾತ್ರಕ್ಕೆ ಸಿಕ್ಕಿಬೀಳುತ್ತಾರೆ ಎಂಬುದು ಅವರು ಕಂಡುಕೊಂಡ ಸಂಗತಿ.

ಹಾಗಿದ್ದರೆ ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಜೋಕು ದ್ವೇಷವನ್ನು ಹುಟ್ಟಿಸುವುದಿಲ್ಲ ಎಂದೇ ಡೇವಿಸ್ ಕೂಡ ವಾದಿಸಿದರು. ಸಾಲದ್ದಕ್ಕೆ, ಸ್ವತಃ ಸಿಖ್ಖರಾದ ಲೇಖಕ ಖುಷ್ವಂತ್ ಸಿಂಗ್ ತಾವೇ ಇಂಥ ಜೋಕುಗಳ ಪುಸ್ತಕಗಳನ್ನು ತಂದು ದೇಶವನ್ನೆಲ್ಲ ನಗಿಸಿದರು. ಈ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಜೋಕು ಕೇಳಿದವನು ಆಯುಧ ಹಿಡಿದ ಎನ್ನಲು ಆಧಾರವಿಲ್ಲ. ಆದರೆ ಪೇಟ ಕಂಡೊಡನೆ ಕೆಳಗಿನ ಮುಖವನ್ನು ನೋಡದೆ, ಒಬ್ಬನನ್ನು ಎಲ್ಲರ ಲೆಕ್ಕಕ್ಕೆ ಹಿಡಿಯುವ ರೂಢಿಯನ್ನು ಜೋಕು ಮನಸ್ಸಿಗೆ ಹತ್ತಿಸುತ್ತದೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಕೊಂದವರು ಅವರ ಇಬ್ಬರು ಸಿಖ್ ಅಂಗರಕ್ಷಕರು. ಅದರ ಬೆನ್ನಿಗೇ ದೆಹಲಿಯೊಂದರಲ್ಲೇ, ಸರ್ಕಾರದ ಲೆಕ್ಕದಂತೆ, 2,733 ಸಿಖ್ಖರು ಹತರಾದರು. ಗುಂಪುಗಳು ಪೇಟ, ಗಡ್ಡ ನೋಡಿ ಹುಡುಕಿದವು. ಖುಷ್ವಂತ್ ಸಿಂಗ್ ಅವರೇ ಸ್ವೀಡನ್ನಿನ ರಾಜತಾಂತ್ರಿಕರ ಆಶ್ರಯ ಪಡೆಯಬೇಕಾಯಿತು. ಅವರಿಗಿದ್ದ ಖ್ಯಾತಿಯೂ ಅವರನ್ನು ಕಾಯಲಿಲ್ಲ. ಖಾಲ್ಸಾ ಪಂಥದ ಮೊದಲ ಐವರಲ್ಲೊಬ್ಬರಾದ ಸಾಹಿಬ್ ಸಿಂಗ್ ಅವರ ಊರೆಂದು ಸಿಖ್ಖರು ಗೌರವಿಸುವ ನಮ್ಮ ಬೀದರಿನಲ್ಲೂ 1988ರಲ್ಲಿ ಸಿಖ್ ವಿದ್ಯಾರ್ಥಿಗಳ ಕೊಲೆಗಳಾದವು. ಕರ್ನಾಟಕದಲ್ಲಿ ಇದನ್ನು ನೆನೆಯುವವರು ಕಡಿಮೆ, ಅದು ನೋವಿನ ಸಂಗತಿ. ಖುಷ್ವಂತ್ ಸಿಂಗ್ ಅವರಿಗೆ ತಮ್ಮ ಜನರ ನೂರು ಬಗೆಯೂ ಗೊತ್ತಿತ್ತು. ಅವರಿಂದ ಕೇಳಿ ಹರಡಿದವನಿಗೆ ಗೊತ್ತಿರುವುದು ಜೋಕಿನ ಸರ್ದಾರ್ಜಿ ಒಬ್ಬನೇ. ಹಾಸ್ಯಕ್ಕೂ ಪೂರ್ವಗ್ರಹಕ್ಕೂ ನಡುವಿನ ಗೆರೆಯನ್ನು ನಾನು ಎಳೆಯುವುದು ಇಲ್ಲಿ.

ಇಂಥ ಜೋಕುಗಳನ್ನು ನಿಷೇಧಿಸಿ ಎಂದು ಸಿಖ್ ವಕೀಲೆಯೊಬ್ಬರು 2015ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನಾಗರಿಕರಿಗೆ ನೀತಿಯ ಮಾರ್ಗಸೂಚಿ ಹೊರಡಿಸುವುದು ತನ್ನಿಂದಾಗದು ಎಂದು ನ್ಯಾಯಾಲಯ 2017ರಲ್ಲಿ ಹೇಳಿತು. ಅದು ಸರಿಯಾದ ನಿಲುವು: ನಗೆಗೆ ಪೊಲೀಸರ ಕಾವಲಿಟ್ಟರೆ ಮೊದಲು ಸಿಕ್ಕಿಬೀಳುವವರು ಆಳುವವರನ್ನು ಗೇಲಿ ಮಾಡುವವರೇ. ಕಾನೂನು ಕೈಬಿಟ್ಟಿತೆಂದು ಜೋಕು ಹೇಳುವವನ ವಿವೇಕವೂ ಕೈಬಿಡಬೇಕಿಲ್ಲ. ಜಾತಿ, ಜನಾಂಗಗಳ ಹೆಸರು ತೆಗೆದರೆ ಹಾಸ್ಯ ಸಪ್ಪೆಯಾಗುತ್ತದೆ ಎನ್ನುವವರಿದ್ದಾರೆ. ಆದರೆ ಹೊಳೆ ದಾಟಿದ ಹತ್ತು ಮಂದಿ ಗಾಂಪರು ತಲೆ ಎಣಿಸುವಾಗ, ಪ್ರತಿಯೊಬ್ಬನೂ ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಕೊಚ್ಚಿಹೋದನೆಂದು ಗೋಳಾಡಿದ ಕತೆಗೆ ಯಾವ ಜಾತಿಯ ಹೆಸರೂ ಬೇಕಾಗಲಿಲ್ಲ. ಆ ಕತೆಯನ್ನು ವೇದಾಂತಿಗಳು ಆತ್ಮಜ್ಞಾನ ಬೋಧಿಸಲು ಬಳಸಿದರು, ಅಜ್ಜಿಯರು ಮಕ್ಕಳನ್ನು ನಗಿಸಲು ಬಳಸಿದರು.