ವ್ಯಾಯಾಮ, ಮೆದುಳು ಮತ್ತು ರಕ್ತದೊತ್ತಡ

ಬಿ.ಪಿ. ಎಂದರೆ ಹೃದಯ, ರಕ್ತನಾಳಗಳ ಕಾಯಿಲೆ ಎಂದೇ ಹೆಚ್ಚಿನವರ ಎಣಿಕೆ. ಆದರೆ ಅದರ ಲಗಾಮು ಬಹುಮಟ್ಟಿಗೆ ಮೆದುಳಿನ ಕೈಯಲ್ಲಿದೆ.

ಕತ್ತಿನ ಅಪಧಮನಿಯ ಗೋಡೆಯಲ್ಲಿ ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಒತ್ತಡ ಏರಿ ಗೋಡೆ ಹಿಗ್ಗಿದೊಡನೆ ಸುದ್ದಿ ಮೆದುಳುಕಾಂಡದ ತಳದಲ್ಲಿರುವ ಮೆಡುಲ್ಲಾಕ್ಕೆ ಮುಟ್ಟುತ್ತದೆ. ಅದು ಒತ್ತಡ ಏರಿಸುವ ಸಿಂಪಥೆಟಿಕ್ ನರಗಳ ಬಿಗಿಯನ್ನು ಸಡಿಲಿಸುತ್ತದೆ. ಹೃದಯದ ಬಡಿತ ನಿಧಾನವಾಗಿ ರಕ್ತನಾಳಗಳು ಹಿಗ್ಗುತ್ತವೆ. ಅಧಿಕ ರಕ್ತದೊತ್ತಡ ಇರುವವರಲ್ಲಿ ಈ ಪ್ರತಿವರ್ತನೆ ಮಂದವಾಗಿರುತ್ತದೆ, ಸಿಂಪಥೆಟಿಕ್ ನರಗಳು ಸದಾ ಬಿಗಿದೇ ಇರುತ್ತವೆ.

ವ್ಯಾಯಾಮ ಇದನ್ನು ಸರಿಪಡಿಸಬಲ್ಲದೆ? ಸುಳಿವು ಕೊಟ್ಟದ್ದು ಇಲಿಗಳು. ತಾನಾಗಿಯೇ ಬಿ.ಪಿ. ಏರುವ ಇಲಿಗಳ ತಳಿಯನ್ನು 1963ರಲ್ಲಿ ಕ್ಯೋಟೋದ ಒಕಾಮೊಟೊ ಮತ್ತು ಅವೊಕಿ ಬೆಳೆಸಿದರು. ಇಂಥ ಇಲಿಗಳನ್ನು ವಾರಗಟ್ಟಲೆ ಓಡಿಸಿದಾಗ ಮೆದುಳಿನ ಹೈಪೋಥಲಾಮಸ್‌ನಲ್ಲಿ ರಕ್ತದೊತ್ತಡ ಏರಿಸುವ ಆಂಜಿಯೋಟೆನ್ಸಿನ್‌ನ ಹಾವಳಿಯೂ ಉರಿಯೂತವೂ ತಗ್ಗಿದವು. ಸೋರುತ್ತಿದ್ದ ರಕ್ತ-ಮೆದುಳು ತಡೆಗೋಡೆ ಮತ್ತೆ ಬಿಗಿಯಾಯಿತು. ಮನುಷ್ಯರಲ್ಲೂ ಪುರಾವೆ ಇದೆ. 2007ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನದಲ್ಲಿ, ಔಷಧಿಯನ್ನೇ ತೆಗೆದುಕೊಳ್ಳದ ರೋಗಿಗಳು 4 ತಿಂಗಳು ವ್ಯಾಯಾಮ ಮಾಡಿದ ಮೇಲೆ ಅವರ ಸಿಂಪಥೆಟಿಕ್ ನರಗಳ ಚಟುವಟಿಕೆ ಆರೋಗ್ಯವಂತರ ಮಟ್ಟಕ್ಕೆ ಇಳಿಯಿತು.

ಕೂತೇ ಇರುವುದೂ ಮೆದುಳನ್ನು ಬದಲಿಸುತ್ತದೆ. ಚಕ್ರದಲ್ಲಿ ಓಡಲು ಬಿಡದ ಇಲಿಗಳ ಮೆಡುಲ್ಲಾದಲ್ಲಿ, ಒತ್ತಡ ಏರಿಸುವ ನರಕೋಶಗಳು ಹೆಚ್ಚು ಕವಲೊಡೆದದ್ದನ್ನು 2014ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು.

ಹುಬ್ಬಳ್ಳಿ-ಧಾರವಾಡದ ನಡುವಿನ ಅಮರಗೋಳದ ಎಪಿಎಂಸಿ ಪ್ರಾಂಗಣದಲ್ಲಿ ಈ ವಿಷಯಕ್ಕೆ ವಿಶೇಷ ಅರ್ಥವಿದೆ. ಅಡತಿ ಅಂಗಡಿಯ ಗಾದಿಯ ಮೇಲೆ ದಿನವಿಡೀ ಕೂರುವವರಿಗೆ ಇದು ನೇರ ಎಚ್ಚರಿಕೆ. ಚೀಲ ಹೊರುವ ಹಮಾಲರಿಗೆ ಬೇರೆ ವ್ಯಾಯಾಮ ಯಾಕೆ ಬೇಕು ಎನ್ನಿಸಬಹುದು. ಆದರೆ ಉಸಿರು ಬಿಗಿಹಿಡಿದು ಭಾರ ಎತ್ತುವಾಗ ಒತ್ತಡ ಒಮ್ಮೆಲೇ ಜಿಗಿಯುತ್ತದೆ: 1985ರ ಕೆನಡಾದ ಪ್ರಯೋಗವೊಂದರಲ್ಲಿ, ಎರಡೂ ಕಾಲುಗಳಿಂದ ಭಾರ ಒತ್ತುತ್ತಿದ್ದ ದೇಹದಾರ್ಢ್ಯ ಪಟುಗಳಲ್ಲಿ ಸರಾಸರಿ 320/250 ದಾಖಲಾಯಿತು. ಲಯಬದ್ಧ ನಡಿಗೆ, ಸೈಕಲ್ ಸವಾರಿಗಳ ಫಲವನ್ನು ಹೊರೆಯ ದುಡಿಮೆ ಕೊಡುತ್ತದೆ ಎನ್ನಲಾಗದು. ಮೈಮುರಿದು ದುಡಿಯುತ್ತಾರೆಂದು ಹಮಾಲರ ಬಿ.ಪಿ. ತಪಾಸಣೆಯನ್ನು ಕಡೆಗಣಿಸುವುದು ಸಲ್ಲದು.

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಚಟುವಟಿಕೆ ಹೇಳುತ್ತದೆ. ರೋಗಿಗಳಲ್ಲಿ ಇದರಿಂದ ಮೇಲಿನ ಅಂಕಿ ಸರಾಸರಿ 5ರಿಂದ 8ರಷ್ಟು ಇಳಿಯುತ್ತದೆ. ಬಿಟ್ಟರೆ ಕೆಲವು ವಾರಗಳಲ್ಲೇ ಗಳಿಕೆ ಕರಗತೊಡಗುತ್ತದೆ. ಇಳಿಕೆ ಕಂಡಿತೆಂದು ಗುಳಿಗೆ ನಿಲ್ಲಿಸುವಂತಿಲ್ಲ. ಅದು ವೈದ್ಯರ ನಿರ್ಧಾರ.