ಕಲ್ಕುಡನ ಕೈಗೆ ಬೆಲೆ ಕಟ್ಟಿದವರಾರು?

ಮೂಡುಬಿದಿರೆ ಪಕ್ಕದ ನಮ್ಮ ತೋಡಾರಿನಿಂದ ಬಡಗಕ್ಕೆ ಹೋದರೆ ಕಾರ್ಕಳ, ಮೂಡಕ್ಕೆ ಹೋದರೆ ವೇಣೂರು. ಎರಡೂ ಕಡೆ ಗೊಮ್ಮಟ ನಿಂತಿದ್ದಾನೆ. ಕಾರ್ಕಳದ್ದು 1432ರದ್ದು, ವೇಣೂರಿನದ್ದು 1604ರದ್ದು. ನಡುವೆ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ. ಶಾಲೆಯಲ್ಲಿ ನಮಗೆ ಕಲಿಸಿದ್ದು ಇಷ್ಟೇ: ಕಾರ್ಕಳದ ಗೊಮ್ಮಟನನ್ನು ವೀರಪಾಂಡ್ಯ ಭೈರರಸ ಮಾಡಿಸಿದ, ವೇಣೂರಿನದ್ದನ್ನು ತಿಮ್ಮರಾಜ ಅಜಿಲ ಮಾಡಿಸಿದ. ಪರೀಕ್ಷೆಯಲ್ಲಿ ಅದನ್ನೇ ಬರೆದೆವು, ಮಾರ್ಕು ಸಿಕ್ಕಿತು. ಮಾಡಿಸಿದವರ ಹೆಸರು ನಮಗೆ ಬಾಯಿಪಾಠವಾಯಿತು. ಮಾಡಿದವನು ಯಾರು ಎಂದು ಮಾಸ್ತರರು ಕೇಳಲಿಲ್ಲ. ನಾವೂ ಕೇಳಲಿಲ್ಲ.

ಅಕ್ಷರ ಬಾರದ ನಮ್ಮ ಅಜ್ಜಿಗೆ ಮಾತ್ರ ಮಾಡಿದವನ ಹೆಸರು ಗೊತ್ತಿತ್ತು. ಕಲ್ಕುಡ. ನೇಜಿ ನೆಡುವ ಗದ್ದೆಯಲ್ಲಿ, ಕೋಲದ ಕಳದಲ್ಲಿ ಹಾಡುವ ತುಳು ಪಾಡ್ದನ ಆ ಹೆಸರನ್ನು ಇಂದಿಗೂ ಬಿಟ್ಟಿಲ್ಲ. ಕಾರ್ಕಳದ ಗೊಮ್ಮಟನನ್ನು ಕೆತ್ತಿ ಮುಗಿಸಿದ ಕಲ್ಕುಡನಿಗೆ ಅರಸ ಕೊಟ್ಟ ಕೂಲಿ ಏನು? ಇನ್ನೊಂದು ಕಡೆ ಹೋಗಿ ಇಂಥದ್ದನ್ನು ಮಾಡಬಾರದೆಂದು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದ. ಉಳಿದ ಒಂದು ಕೈ, ಒಂದು ಕಾಲಿನಲ್ಲೇ ಕಲ್ಕುಡ ವೇಣೂರಿಗೆ ಹೋಗಿ ಅಲ್ಲಿನ ಗೊಮ್ಮಟನನ್ನು ಕೆತ್ತಿದ. ಅಣ್ಣನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿ ಅವನ ಗತಿ ನೋಡಿ ಕೆರಳಿದಳು. ಅಣ್ಣ ತಂಗಿ ಇಬ್ಬರೂ ಮಾಯವಾಗಿ ದೈವಗಳಾದರು, ಅರಸನ ಮನೆತನವನ್ನು ಕಾಡಿದರು. ಊರಿಂದ ಊರಿಗೆ ಪಾಡ್ದನದ ಪಾಠ ಬೇರೆಯಾಗುತ್ತದೆ, ಆದರೆ ಕೈ ಕಡಿದ ಮಾತು ಬೇರೆಯಾಗುವುದಿಲ್ಲ. ಬರ್ನೆಲ್ ಎಂಬ ಇಂಗ್ಲಿಷ್ ಅಧಿಕಾರಿ ಸಂಗ್ರಹಿಸಿದ ಬರಹಗಳು 1894ರಿಂದ 'ಇಂಡಿಯನ್ ಆಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚಾದಾಗ ಈ ಕತೆಯೂ ಅಚ್ಚಾಯಿತು.

ಪಂಡಿತರು ನಗಬಹುದು. 1432ಕ್ಕೂ 1604ಕ್ಕೂ ನಡುವೆ 172 ವರ್ಷ ಉಂಟು, ಒಬ್ಬನೇ ಮನುಷ್ಯ ಎರಡನ್ನೂ ಹೇಗೆ ಕೆತ್ತಿದ ಎಂದು ಕೇಳಬಹುದು. ಲೆಕ್ಕ ಅವರದ್ದೇ ಸರಿ. ಆದರೆ ನಮಗೆ ಕಾಣುವುದು ಇನ್ನೊಂದು. ಕಲ್ಲಿನ ಮೇಲೆ ಬರೆಯುವ ಹಕ್ಕು ಇಲ್ಲದವರು ತಮ್ಮ ಗಾಯದ ದಾಖಲೆಯನ್ನು ಬಾಯಲ್ಲಿ ಇಟ್ಟುಕೊಂಡರು. ನಲಿಕೆ, ಪಂಬದ, ಪರವರು ದೈವ ಕಟ್ಟಿ ಕುಣಿದು ಅದನ್ನು ಕಾಪಾಡಿದರು. ಆ ದಾಖಲೆಯಲ್ಲಿ ಕಲ್ಕುಡ ಒಬ್ಬನಲ್ಲ. 172 ವರ್ಷದುದ್ದಕ್ಕೂ ಕಲ್ಲು ಹೊತ್ತು, ಕೈಕಾಲು ಕಳಕೊಂಡು ಹೆಸರಿಲ್ಲದೆ ಹೋದವರೆಲ್ಲ ಕಲ್ಕುಡರೇ. ಅವರಿಗೆ ಸಿಕ್ಕ ಪರಿಹಾರ ಏನು? ಒಂದು ಗುಡಿ, ವರ್ಷಕ್ಕೊಂದು ಕೋಲ. ಬದುಕಿದ್ದಾಗ ಕೈ ಕಡಿದರು, ಸತ್ತ ಮೇಲೆ ಕೈ ಮುಗಿದರು.

ಗೆಳೆಯರೇ, ಈ ಹಳೆಯ ಕತೆಯನ್ನು ಈಗ ಎತ್ತುವುದಕ್ಕೆ ಕಾರಣವುಂಟು. ಐದು ವರ್ಷದ ಹಿಂದೆ, ಒಂದು ಮಹಡಿ ಕಟ್ಟಡದ ಕೆಲಸದಲ್ಲಿ ನಮ್ಮ ಮಾವನ ಬಲಗೈ ಹೆಬ್ಬೆರಳು ಕಲ್ಲು ಕೊಯ್ಯುವ ಮೆಷಿನ್ನಿಗೆ ಹೋಯಿತು. ಆಗ ಅವರಿಗೆ ನಲವತ್ತು. ಮುರಕಲ್ಲು ಕಟ್ಟುವುದರಲ್ಲಿ ಪಳಗಿದ ಕೈ. ಕಂಟ್ರಾಕ್ಟುದಾರ ಆಸ್ಪತ್ರೆಯ ಬಿಲ್ಲು ಕಟ್ಟಿದ, ಹದಿನೈದು ದಿನ ಬಿಟ್ಟು ಇಪ್ಪತ್ತು ಸಾವಿರ ರೂಪಾಯಿಯನ್ನೂ ಒಂದು ಕಾಗದವನ್ನೂ ಹಿಡಕೊಂಡು ಮನೆಗೆ ಬಂದ. 'ಇನ್ನು ಮುಂದೆ ಯಾವ ಹಕ್ಕು ಬಾಧ್ಯತೆಯೂ ಇಲ್ಲ' ಎಂದು ಕಾಗದದಲ್ಲಿತ್ತು. ಮಾವ ಅದನ್ನು ನಮ್ಮ ಕೈಗೆ ಕೊಟ್ಟರು. ಮನೆಯಲ್ಲಿ ಕಾಲೇಜಿಗೆ ಹೋದವರು ನಾವೇ ಮೊದಲು, ಬಿ.ಎ. ಮೊದಲ ವರ್ಷ. ಜಂಬದಿಂದಲೇ ಗಟ್ಟಿಯಾಗಿ ಓದಿದೆವು. "ಸರಿ ಉಂಟು ಮಾವ, ಹಾಕಿ" ಎಂದೆವು. ಬಲಗೈಯಲ್ಲಿ ಹೆಬ್ಬೆರಳು ಇರಲಿಲ್ಲವಲ್ಲ, ಎಡಗೈ ಹೆಬ್ಬೆಟ್ಟು ಒತ್ತಿಸಿದರು.

ಅಕ್ಷರ ಬಂದಿತ್ತು, ಕಾನೂನು ಗೊತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಎಂಬುದು ಯಾವ ಧಣಿಯ ಕರುಣೆಯಿಂದಲೂ ಬಂದದ್ದಲ್ಲ. ಮೊದಲು ನಮ್ಮ ದೇಶದಲ್ಲಿ ಪೆಟ್ಟಾದವನು ಕೋರ್ಟಿಗೆ ಹೋಗಿ ಧಣಿಯ ತಪ್ಪನ್ನು ರುಜುವಾತು ಮಾಡಬೇಕಿತ್ತು. ಕೂಲಿಯವನಿಗೆ ಅದು ಆಗುವ ಮಾತೇ? ಜರ್ಮನಿಯಲ್ಲಿ 1884ರಲ್ಲಿ, ಬ್ರಿಟನ್ನಿನಲ್ಲಿ 1897ರಲ್ಲಿ ಕಾನೂನು ಬಂತು. ಇಲ್ಲಿ 1920ರಲ್ಲಿ ಎ.ಐ.ಟಿ.ಯು.ಸಿ. ಹುಟ್ಟಿ, ಮಿಲ್ಲುಗಳಲ್ಲಿ ಮುಷ್ಕರ ಎದ್ದ ಕಾಲದಲ್ಲಿ, 1923ರಲ್ಲಿ ಕೆಲಸಗಾರರ ಪರಿಹಾರ ಕಾಯಿದೆ ಆಯಿತು. 1924ರ ಜುಲೈ 1ರಿಂದ ಜಾರಿಗೆ ಬಂತು. ಅದರ ತಿರುಳು ಇಷ್ಟು: ತಪ್ಪು ಯಾರದ್ದು ಎಂಬುದು ಮುಖ್ಯವಲ್ಲ, ಕೆಲಸದಿಂದಾಗಿ, ಕೆಲಸದ ಹೊತ್ತಿನಲ್ಲಿ ಪೆಟ್ಟಾದರೆ ಧಣಿ ಕೊಡಬೇಕು.

ಆ ಕಾನೂನಿನ ಮೊದಲನೇ ಅನುಸೂಚಿ ಓದಿದರೆ ಮೈ ನಡುಗುತ್ತದೆ. ಕಸಾಯಿಖಾನೆಯ ದರಪಟ್ಟಿಯ ಹಾಗೆ ಮನುಷ್ಯನ ಅಂಗಾಂಗಕ್ಕೆ ಲೆಕ್ಕ ಕಟ್ಟಿದ್ದಾರೆ. ಒಂದು ಕಣ್ಣು ಹೋದರೆ ದುಡಿಮೆಯ ಶಕ್ತಿಯಲ್ಲಿ ನೂರಕ್ಕೆ 40 ನಷ್ಟ. ಹೆಬ್ಬೆರಳು ಹೋದರೆ 30. ತೋರುಬೆರಳಿಗೆ 14. ಒಂದು ಕೈ ಮತ್ತು ಒಂದು ಪಾದ ಎರಡೂ ಹೋದರೆ ನೂರಕ್ಕೆ ನೂರು. ಈ ಕೊನೆಯ ಸಾಲಿನ ಮುಂದೆ ನಾವು ನಿಂತುಬಿಟ್ಟೆವು. ಅದು ನಮ್ಮ ಕಲ್ಕುಡನ ಸಾಲು. ಪಾಡ್ದನ ಎಂದೋ ಹಾಡಿದ್ದ ಗಾಯ ಎಷ್ಟೋ ಕಾಲದ ಮೇಲೆ ಕಾನೂನಿನ ಪಟ್ಟಿಗೆ ಬಂತು.

ದರಪಟ್ಟಿ ಕ್ರೂರ ಎನಿಸಬಹುದು. ಆದರೆ ಏಕಲವ್ಯನ ಹೆಬ್ಬೆರಳನ್ನು ದಕ್ಷಿಣೆ ಎಂದು ಕರೆದು ಕಿತ್ತುಕೊಂಡ ನಾಡಿನಲ್ಲಿ, ಹೆಬ್ಬೆರಳು ನಷ್ಟವಾದರೆ ತೆಗೆದುಕೊಂಡವನು ಸಾಲಗಾರ ಎಂದು ಬರೆದದ್ದೇ ದೊಡ್ಡ ಮಾತು. ಲೆಕ್ಕ ಮಾಡಿ ನೋಡೋಣ. ಆ ಕಾನೂನಿನಡಿ 2020ರ ಜನವರಿಯಿಂದ ಲೆಕ್ಕಕ್ಕೆ ಹಿಡಿಯುವ ತಿಂಗಳ ಕೂಲಿಯ ಮಿತಿ 15,000 ರೂಪಾಯಿ. ಪೂರ್ತಿ ಅಂಗವಿಕಲನಾದರೆ ಅದರ ನೂರಕ್ಕೆ 60, ಅಂದರೆ 9,000. ನಲವತ್ತು ವಯಸ್ಸಿನವನಿಗೆ ಕಾನೂನು ಕೊಟ್ಟ ಗುಣಕ 184.17. ಗುಣಿಸಿದರೆ 16,57,530. ಹೆಬ್ಬೆರಳಿಗೆ ಅದರ ನೂರಕ್ಕೆ 30 ಎಂದರೆ 4,97,259 ರೂಪಾಯಿ. ಮದ್ದಿನ ಖರ್ಚು ಬೇರೆ. ನಾವು "ಸರಿ ಉಂಟು" ಎಂದದ್ದು ಇಪ್ಪತ್ತು ಸಾವಿರಕ್ಕೆ.

ಹಾಗೆಂದು ಕಾನೂನನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಾಗಿಲ್ಲ. ಧಣಿಯ ವ್ಯಾಪಾರಕ್ಕೆ ಸೇರದ ಬಿಡಿ ಕೆಲಸಕ್ಕೆ ಬಂದ ಆಳನ್ನು ಅದು 'ಕೆಲಸಗಾರ' ಎಂದೇ ಎಣಿಸಲಿಲ್ಲ. ಈ ಬೇಲಿ ಬಿದ್ದದ್ದು 2000ದ ಡಿಸೆಂಬರಿನಲ್ಲಿ. ಎಪ್ಪತ್ತೇಳು ವರ್ಷ! ಅಷ್ಟು ಕಾಲ ನಾಲ್ಕು ದಿನದ ಕೆಲಸಕ್ಕೆ ಕರೆದವರ ಮನೆಯ ಮಾಡಿನಿಂದ ಬಿದ್ದ ನಮ್ಮ ಅಜ್ಜಂದಿರು ಯಾವ ಲೆಕ್ಕದಲ್ಲೂ ಇರಲಿಲ್ಲ. ಅಂಬೇಡ್ಕರರು 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನಡೆಸಿದಾಗ ಕೈಗಾರಿಕಾ ಕಾರ್ಮಿಕರ ವಿಮೆಯ ಯೋಜನೆ ತಯಾರಾಯಿತು, 1948ರಲ್ಲಿ ಇ.ಎಸ್.ಐ. ಕಾಯಿದೆಯಾಯಿತು. ಅದು ಮೊದಲು ತಲುಪಿದ್ದು ಕಾರ್ಖಾನೆಗೆ. ಸಾರುವೆಯ ಮೇಲೆ ನಿಂತವನು ಹೊರಗೇ ಉಳಿದ.

ಆದರೂ ಈ ಕಾನೂನನ್ನೇ ಹಿಡಿದು ಒಬ್ಬ ಬಡಗಿ ಗೆದ್ದ. ಒಡಿಶಾದಲ್ಲಿ ಸಿನಿಮಾ ಟಾಕೀಸಿನ ಅಲಂಕಾರದ ಕೆಲಸ ಮಾಡುತ್ತಿದ್ದಾಗ ಅವನು ಬಿದ್ದ, ಎಡಗೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಬೇಕಾಯಿತು. ಒಂದು ಕೈ ಹೋದರೆ ಪಟ್ಟಿಯ ಪ್ರಕಾರ ನೂರಕ್ಕೆ ನೂರು ಆಗುವುದಿಲ್ಲ ಎಂದು ಧಣಿ ಸುಪ್ರೀಂ ಕೋರ್ಟಿನವರೆಗೂ ಹೋದ. 1975ರ ಡಿಸೆಂಬರಿನಲ್ಲಿ ಕೋರ್ಟು ಹೇಳಿತು: ಬಡಗಿ ಕೆಲಸ ಒಂದೇ ಕೈಯಲ್ಲಿ ಆಗುವುದಿಲ್ಲ, ಆದ್ದರಿಂದ ನಷ್ಟ ನೂರಕ್ಕೆ ನೂರು. ಹಣ ಕೊಡುವ ಹೊಣೆ ತೀರ್ಪಿನ ದಿನದಿಂದಲ್ಲ, ಪೆಟ್ಟಾದ ದಿನದಿಂದಲೇ. ದಂಡವನ್ನೂ ಬಡ್ಡಿಯನ್ನೂ ಎತ್ತಿಹಿಡಿಯಿತು.

ಕಲ್ಕುಡನದ್ದೂ ಎಡಗೈಯೇ. ಅವನು ಇಂದು ಬಂದು ಅರ್ಜಿ ಹಾಕಿದ್ದರೆ ಅರಸನ ವಕೀಲ ಏನು ಹೇಳುತ್ತಿದ್ದ? "ಸ್ವಾಮೀ, ಒಂದೇ ಕೈಯಲ್ಲಿ ವೇಣೂರು ಕೆತ್ತಿದ್ದಾನೆ, ಇವನಿಗೆ ನಷ್ಟ ಎಲ್ಲಿದೆ?" ನಮ್ಮವರ ಛಲವನ್ನೇ ನಮ್ಮ ವಿರುದ್ಧ ಸಾಕ್ಷಿಯಾಗಿ ತಿರುಗಿಸುವುದು ಹಳೆಯ ವಿದ್ಯೆ. ಮಾವ ಈಗ ಎಡಗೈಯಲ್ಲಿ ಕರಣೆ ಹಿಡಿದು ಅರ್ಧ ಕೂಲಿಗೆ ದುಡಿಯುತ್ತಿದ್ದಾರೆ. "ದುಡಿಯುತ್ತಾನಲ್ಲ, ಏನಾಗಿದೆ ಅವನಿಗೆ" ಎಂದು ಅದೇ ಕಂಟ್ರಾಕ್ಟುದಾರ ಊರಲ್ಲಿ ಹೇಳುತ್ತಾನೆ.

1996ರಲ್ಲಿ ಕಟ್ಟಡ ಕಾರ್ಮಿಕರಿಗೆಂದೇ ಎರಡು ಕಾನೂನು ಬಂದವು. ಕಟ್ಟಡದ ವೆಚ್ಚದ ಮೇಲೆ ನೂರಕ್ಕೆ ಒಂದರಂತೆ ಸೆಸ್ಸು ವಸೂಲು ಮಾಡಿ ಕಾರ್ಮಿಕರ ಕಲ್ಯಾಣಕ್ಕೆ ಬಳಸಬೇಕು. ನಮ್ಮ ರಾಜ್ಯದಲ್ಲಿ ನಿಯಮ ಆದದ್ದು 2006ರಲ್ಲಿ, ಕಲ್ಯಾಣ ಮಂಡಳಿ ಶುರುವಾದದ್ದು 2007ರಲ್ಲಿ. ಹನ್ನೊಂದು ವರ್ಷ ಕಾಗದ ಕಾಗದವಾಗಿಯೇ ಇತ್ತು. 2025ರ ನವೆಂಬರ್ 21ರಿಂದ 1923ರ ಕಾಯಿದೆ ರದ್ದಾಗಿ ಅದರ ವಿಷಯ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಕೆಲಸಕ್ಕೆ ಹೋಗುವ, ಬರುವ ದಾರಿಯ ಅಪಘಾತವೂ ಈಗ ಸೇರುತ್ತದೆ. ಹೆಸರು ಬದಲಾಗಿದೆ, ಹಕ್ಕು ಉಳಿದಿದೆ. ಆದರೆ ಓದದವನಿಗೆ ಹಳೆಯದೂ ಒಂದೇ, ಹೊಸದೂ ಒಂದೇ.

ಆದ್ದರಿಂದ ಹಳ್ಳಿಯ ಮಾಸ್ತರರಲ್ಲಿ, ಕಾಲೇಜಿನ ಗೆಳೆಯರಲ್ಲಿ ನಮ್ಮದೊಂದು ಮಾತು. ಪೆಟ್ಟಾದ ಕೂಡಲೇ ಧಣಿಗೆ ಬರವಣಿಗೆಯಲ್ಲಿ ತಿಳಿಸಿ, ನಕಲು ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ 'ಮನೆಯಲ್ಲಿ ಬಿದ್ದ' ಎಂದು ಬರೆಸಲು ಬಿಡಬೇಡಿ. ಎಲ್ಲಿ, ಯಾರ ಕೆಲಸದಲ್ಲಿ ಎಂದು ಬರೆಸಿ. ಜೊತೆಯಲ್ಲಿದ್ದವರ ಹೆಸರು, ಕೂಲಿ ಕೊಟ್ಟ ಗುರುತು ಜೋಪಾನ ಮಾಡಿ. ಎರಡು ವರ್ಷದೊಳಗೆ ಅರ್ಜಿ ಹೋಗಬೇಕು. ವ್ಯಾಪಾರಕ್ಕೆಂದು ಕಟ್ಟಿಸುವವನು ಕೆಲಸವನ್ನು ಕಂಟ್ರಾಕ್ಟಿಗೆ ಕೊಟ್ಟಿದ್ದರೂ ಹೊಣೆಯಿಂದ ಪಾರಾಗುವುದಿಲ್ಲ. ವರ್ಷಕ್ಕೆ 90 ದಿನ ಕಟ್ಟಡದ ಕೆಲಸ ಮಾಡಿದ, 18ರಿಂದ 60 ವಯಸ್ಸಿನವರ ಹೆಸರನ್ನು ಪೆಟ್ಟಾಗುವ ಮೊದಲೇ ಮಂಡಳಿಯಲ್ಲಿ ಬರೆಸಿ. ಮಂಡಳಿಯ ಹಣ ಬಂತೆಂದು ಧಣಿಯ ಬಾಕಿ ತೀರುವುದಿಲ್ಲ.

ಇನ್ನು ಆ ಕಾಗದ. ಪರಿಹಾರದ ಹಕ್ಕನ್ನು ಬಿಟ್ಟುಕೊಟ್ಟೆ ಎಂದು ಬರೆಸಿಕೊಂಡ ಒಪ್ಪಂದ ನಡೆಯುವುದಿಲ್ಲ ಎಂದು ಹಳೆಯ ಕಾಯಿದೆಯ 17ನೇ ಕಲಮಿನಲ್ಲೇ ಇತ್ತು. ನಾವು ಓದಿ ಹೇಳಿದ ಕಾಗದಕ್ಕೆ ಬೆಲೆಯೇ ಇರಲಿಲ್ಲ. ಅದು ಗೊತ್ತಾಗುವಾಗ ಎರಡು ವರ್ಷ ದಾಟಿತ್ತು. ತಡಕ್ಕೆ ತಕ್ಕ ಕಾರಣವಿದ್ದರೆ ಅರ್ಜಿಯನ್ನು ತೆಗೆದುಕೊಳ್ಳಬಹುದು ಎಂದು ಅದೇ ಕಾಯಿದೆ ಹೇಳಿತ್ತು. ನಮ್ಮ ಕಾರಣವನ್ನು ಬರೆದಿದ್ದೇವೆ: ಮನೆಯಲ್ಲಿ ಓದಿದವನು ಇದ್ದ, ಅವನಿಗೆ ತಿಳಿದಿರಲಿಲ್ಲ.

ಅರ್ಜಿಯ ಕೊನೆಯಲ್ಲಿ ಮಾವ ಮತ್ತೆ ಎಡಗೈ ಹೆಬ್ಬೆಟ್ಟು ಒತ್ತಿದರು. ಒತ್ತುವ ಮೊದಲು ಕೇಳಿದರು: "ಈ ಸರ್ತಿ ಸರಿ ಓದಿದ್ದೀಯಲ್ಲ ಮಗಾ?"